ಗೋಡೆ ಆಟದಲ್ಲಿ ಸೋಲುವ ಕೆಲಸ

ನಂಜನಗೂಡಿನ ಗಂಗಾಧರಸ್ವಾಮಿಯವರ ರೈಸ್ ಮಿಲ್ಲಿನಲ್ಲಿ ತೂಕ ನೋಡುತ್ತಿದ್ದ ನಟರಾಜ್, ಒಂದೇ ಆಟವನ್ನು ಒಬ್ಬರೇ ಎದುರಾಳಿಯ ಜೊತೆ ವಾರಕ್ಕೆ ಆರು ದಿನದಂತೆ ಹದಿಮೂರು ವರ್ಷ ಆಡಿದ, ಹದಿಮೂರು ವರ್ಷವೂ ಸೋತ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಆಟ ಬಾರದವನು ಸೋಲುವುದಕ್ಕೆ ಏನೂ ಬೇಡ, ಬ್ಯಾಟು ಹಿಡಿದರೆ ಸಾಕು. ಆಟ ಬಲ್ಲವನು ಎದುರಿನವರಿಗೆ ಒಂದಿಷ್ಟೂ ಅನುಮಾನ ಬಾರದ ಹಾಗೆ ಬೆವರು ಸುರಿಸಿ, ಹಲ್ಲು ಕಚ್ಚಿ, ಕೊನೆಗೆ ಎರಡೇ ಎರಡು ಪಾಯಿಂಟಿನಲ್ಲಿ ಸೋಲಬೇಕೆಂದರೆ ಅದು ಗೆಲ್ಲುವುದಕ್ಕಿಂತ ಕಷ್ಟದ ಕೆಲಸ. ಆ ಕೆಲಸದಲ್ಲಿ ನಟರಾಜನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಆಟಕ್ಕೆ ಸರಿಯಾದ ಹೆಸರೂ ಇರಲಿಲ್ಲ, ಮಿಲ್ಲಿನವರು ಗೋಡೆ ಆಟ ಎನ್ನುತ್ತಿದ್ದರು. ಗಂಗಾಧರಸ್ವಾಮಿ ಮೈಸೂರಿನಲ್ಲಿ ಓದುವಾಗ ಟೆನಿಸ್ ಹುಚ್ಚು ಹತ್ತಿಸಿಕೊಂಡವರು. ಊರಿಗೆ ಬಂದು ಅಪ್ಪನ ಮಿಲ್ಲನ್ನು ಕೈಗೆ ತೆಗೆದುಕೊಂಡ ಮೇಲೆ ಟೆನಿಸ್ ಕೋರ್ಟು ಎಲ್ಲಿಂದ ಬರಬೇಕು? ಹಿಂದುಗಡೆ ಹಳೇ ಗೋಡೌನೊಂದು ಖಾಲಿ ಬಿದ್ದಿತ್ತು. ಅದರ ನೆಲಕ್ಕೆ ಸಿಮೆಂಟು ಹಾಕಿಸಿ, ಸುಣ್ಣದಲ್ಲಿ ಗೆರೆ ಎಳೆಸಿ, ನಡುವೆ ಹಗ್ಗ ಕಟ್ಟಿ, ಹಗ್ಗಕ್ಕೆ ಗೋಣಿಚೀಲಗಳನ್ನು ಹೊಲಿಸಿ ಸೊಂಟದೆತ್ತರದ ಪರದೆ ಮಾಡಿಸಿದರು. ಬಡಗಿ ಚಲುವಯ್ಯ ಪ್ಲೈವುಡ್ಡಿನಲ್ಲಿ ಗಿಡ್ಡ ಹಿಡಿಯ ಬ್ಯಾಟುಗಳನ್ನು ಕೊಯ್ದುಕೊಟ್ಟ. ಚೆಂಡು ಮಾತ್ರ ಅಸಲಿ ಟೆನಿಸ್ ಚೆಂಡು. ಜಾಗ ಇಕ್ಕಟ್ಟಾದ್ದರಿಂದ ಗೆರೆಯೊಳಗೆ ಬಿದ್ದ ಚೆಂಡೂ ನೆಗೆದು ಹೋಗಿ ಹಿಂದಿನ ಗೋಡೆಗೆ ಬಡಿಯುತ್ತಿತ್ತು. ಹಾಗಾಗಿ ಗಂಗಾಧರಸ್ವಾಮಿಯವರೇ ಒಂದು ಕಾನೂನು ಮಾಡಿದರು. ಚೆಂಡು ಗೆರೆಯೊಳಗೆ ಒಮ್ಮೆ ನೆಲಕ್ಕೆ ಬಿದ್ದು ಗೋಡೆಗೆ ಬಡಿದು ಬಂದರೂ ಆಟ ನಿಲ್ಲದು; ಎರಡನೇ ಸಲ ನೆಲ ಮುಟ್ಟುವುದರೊಳಗೆ ಹೊಡೆದರಾಯಿತು.

ಈ ಕಾನೂನು ನಟರಾಜನಿಗಾಗಿಯೇ ಮಾಡಿದಂತಿತ್ತು. ಅವನು ಹೆಮ್ಮರಗಾಲದ ಕೂಲಿ ಮರಿಯಯ್ಯನ ಮಗ. ಚಿಕ್ಕವನಿದ್ದಾಗ ಶಾಲೆಯ ಮುಂದಿನ ಬಯಲಲ್ಲಿ ಮೇಲಿನ ಬೀದಿಯ ಹುಡುಗರು ಆಡುತ್ತಿದ್ದರು, ಇವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಟರಾಜ್ ಶಾಲೆಯ ಹಿಂದಿನ ಗೋಡೆಗೆ ಹೋಗಿ, ಒಂದು ರಬ್ಬರ್ ಚೆಂಡು, ಒಂದು ಹಲಗೆ ಚೂರು ಹಿಡಿದು ಒಬ್ಬನೇ ಆಡುತ್ತಿದ್ದ. ಗೋಡೆಗೆ ಮೋಸ ಮಾಡಲು ಬರುವುದಿಲ್ಲ, ಕೊಟ್ಟದ್ದನ್ನು ಕೊಟ್ಟಂತೆಯೇ ವಾಪಸು ಕೊಡುತ್ತದೆ. ಆದ್ದರಿಂದ ಅವನು ಗೋಡೆಯ ಮುಂದೆ ಒಬ್ಬ ಎದುರಾಳಿಯನ್ನು ಮನಸ್ಸಿನಲ್ಲೇ ನಿಲ್ಲಿಸಿಕೊಂಡು ಅವನಿಗೆ ಮೋಸ ಮಾಡುವುದನ್ನು ಕಲಿತ. ಭುಜ ತಿರುಗಿಸಿ, ಹಲಗೆಯನ್ನು ಕಿವಿಯ ಹಿಂದಕ್ಕೆ ಒಯ್ದು, ಗೋಡೆಯೇ ಬೀಳುವಂಥ ಹೊಡೆತಕ್ಕೆ ಸಿದ್ಧನಾದವನಂತೆ ನಿಲ್ಲುತ್ತಿದ್ದ. ಹಲಗೆ ಚೆಂಡನ್ನು ಮುಟ್ಟುವ ಗಳಿಗೆಯಲ್ಲಿ ಮಣಿಕಟ್ಟು ಸಡಿಲ ಬಿಡುತ್ತಿದ್ದ. ಚೆಂಡು ಮೆಲ್ಲಗೆ ಮುಂದೆಯೇ ಬಿದ್ದು ಸತ್ತುಹೋಗುತ್ತಿತ್ತು. ಎದುರಿಗಿಲ್ಲದ ಆ ಹುಡುಗ ಪ್ರತಿ ಸಲವೂ ಹಿಂದಕ್ಕೆ ಓಡಿ ಮೋಸಹೋಗುತ್ತಿದ್ದ.

ತೊಂಬತ್ತಮೂರರಲ್ಲಿ ನಟರಾಜ್ ಮಿಲ್ಲಿಗೆ ಮೂಟೆ ಹೊರಲು ಸೇರಿದ. ಮರುವರ್ಷ ಒಂದು ಸಂಜೆ ಗಂಗಾಧರಸ್ವಾಮಿಯವರ ಜೊತೆ ಆಡುವ ಜವಳಿ ಅಂಗಡಿಯವರು ಕೈಕೊಟ್ಟರು. ಅಲ್ಲೇ ಗುಡಿಸುತ್ತಿದ್ದ ನಟರಾಜನ ಕೈಗೆ ಬ್ಯಾಟು ಬಂತು. ಜೀವನದಲ್ಲಿ ಮೊದಲ ಸಲ ಅವನೆದುರಿಗೆ ನಿಜವಾದ ಒಬ್ಬ ಎದುರಾಳಿ ನಿಂತಿದ್ದ. ಆ ಸಂತೋಷದಲ್ಲಿ ಹುಡುಗ ಎಲ್ಲವನ್ನೂ ಮರೆತ. ಹದಿನೈದು ಪಾಯಿಂಟಿನ ಆಟ. ಸಾಹುಕಾರರಿಗೆ ನಾಲ್ಕು ಸಿಕ್ಕಿದವು. ಕೊನೆಯ ಚೆಂಡಿಗೆ ನಟರಾಜ್ ಬ್ಯಾಟನ್ನು ಕಿವಿಯ ಹಿಂದಕ್ಕೊಯ್ದ. ಸಾಹುಕಾರರು ದಡಬಡಿಸಿ ಹಿಂದಕ್ಕೆ ಓಡಿ ಗೋಡೆಗೆ ಬೆನ್ನು ಬಡಿಸಿಕೊಂಡರು, ಚೆಂಡು ಗೋಣಿಪರದೆಯ ಆಚೆಗೆ ಮೆಲ್ಲಗೆ ಬಿದ್ದು ಅಲ್ಲೇ ಕೂತಿತು. ನೋಡುತ್ತಿದ್ದ ಇಬ್ಬರು ಹಮಾಲಿಗಳಿಗೆ ನಗು ತಡೆಯಲಾಗಲಿಲ್ಲ.

ಗಂಗಾಧರಸ್ವಾಮಿಯವರೂ ನಕ್ಕರು. ಕೆಟ್ಟವರಲ್ಲ ಅವರು. ಆದರೆ ಮಾರನೆಯ ದಿನದಿಂದ ಮೂರು ವಾರ ನಟರಾಜನಿಗೆ ತೌಡಿನ ಶೆಡ್ಡಿನಲ್ಲಿ ಕೆಲಸ ಬಿತ್ತು. ಕಣ್ಣು, ಮೂಗು, ಬಾಯಿ ಎಲ್ಲ ತೌಡು. ಮೂರನೇ ವಾರ ಮಿಲ್ಲಿನ ರೈಟರ್ ಶಿವರಾಜು ಬಂದು ಬಾಗಿಲಲ್ಲೇ ನಿಂತು, ಸಾಹುಕಾರರು ಮತ್ತೆ ಆಟಕ್ಕೆ ಕರೆದಿದ್ದಾರೆ, ಬಿಸಿರಕ್ತದವನ ಜೊತೆ ಆಡಿದರೆ ಮೈ ಹಗುರಾಗುತ್ತದಂತೆ ಎಂದ. ಆಮೇಲೆ ದನಿ ತಗ್ಗಿಸಿದ.

"ನೋಡು ನಟರಾಜ, ಅವ್ರು ಗೆಲ್ಲಕ್ ಬತ್ತಾರೆ. ನೀನು ಸೋಲ್ಬೇಕು. ಆದ್ರೆ ಬಿಟ್ಕೊಟ್ಟಂಗೆ ಕಾಣ್ಬಾರ್ದು. ಕಂಡ್ತು ಅಂದ್ರೆ ಅದು ಗೆದ್ದಿದ್ಕಿಂತ ದೊಡ್ಡ ತಪ್ಪು ಕಣೋ."

ಅಂದಿನಿಂದ ಅವನ ಮಣಿಕಟ್ಟಿನ ವಿದ್ಯೆಯೆಲ್ಲ ತಿರುಗುಮುರುಗಾಯಿತು. ಗೋಡೆಯಿಂದ ಬರುವ ಚೆಂಡು ಎಲ್ಲಿ ಬೀಳುತ್ತದೆಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ತಿಳಿಯದವನಂತೆ ಅರ್ಧ ಅಡಿ ತಡವಾಗಿ ಹೋಗುವುದನ್ನು ಕಲಿತ. ಗೆಲ್ಲುವ ಹೊಡೆತಕ್ಕೆ ಬ್ಯಾಟು ಎತ್ತಿ, ಕೊನೇ ಗಳಿಗೆಯಲ್ಲಿ ಚೆಂಡನ್ನು ಸಾಹುಕಾರರ ಬಲಗೈಗೆ ಸರಿಯಾಗಿ, ಎದೆಮಟ್ಟಕ್ಕೆ ಕಳಿಸುತ್ತಿದ್ದ. ಅದು ಅವರಿಗೆ ತಾವೇ ಕಷ್ಟಪಟ್ಟು ಹಿಡಿದ ಚೆಂಡಿನಂತೆ ಕಾಣಬೇಕು. ಹತ್ತರಲ್ಲಿ ಒಂದು ದಿನ ಹದಿನಾಲ್ಕು ಹದಿನಾಲ್ಕಕ್ಕೆ ತಂದು ನಿಲ್ಲಿಸಿ ಅವರ ಎದೆ ಹೊಡೆದುಕೊಳ್ಳುವಂತೆ ಮಾಡಿ ಸೋಲುತ್ತಿದ್ದ. ಆರು ತಿಂಗಳಲ್ಲಿ ಅವನನ್ನು ಮೂಟೆಯಿಂದ ಬಿಡಿಸಿ ತೂಕದ ಕಟ್ಟೆಗೆ ಹಾಕಿದರು. ಮಂಗಳಮ್ಮನನ್ನು ಮದುವೆಯಾದಾಗ ಮಿಲ್ಲಿನ ಕಾಂಪೌಂಡಿನಲ್ಲೇ ಒಂದು ಕೋಣೆ, ಅಡುಗೆಮನೆ ಕೊಟ್ಟರು. ತೊಂಬತ್ತಾರರಲ್ಲಿ ಆ ಕೋಣೆಯಲ್ಲೇ ಮಗಳು ರಂಜಿನಿ ಹುಟ್ಟಿದಳು.

ಮಿಲ್ಲಿನವರೆಲ್ಲ ದಡ್ಡರೇನಲ್ಲ. ಸಂಜೆ ಸಾಹುಕಾರರು ಚೆನ್ನಾಗಿ ಗೆದ್ದರೆ ಮರುದಿನ ಕೇಳಿದವರಿಗೆಲ್ಲ ರಜ ಸಿಗುತ್ತದೆ, ಹೇಗೋ ಗೆದ್ದು ಮುಖ ಗಂಟಿಕ್ಕಿಕೊಂಡು ಹೋದರೆ ಭಾನುವಾರವೂ ಲೋಡು ಇಳಿಸಬೇಕಾಗುತ್ತದೆ ಎಂಬುದನ್ನು ವರ್ಷದೊಳಗೆ ಕಂಡುಕೊಂಡರು. ಆಮೇಲೆ ಶುರುವಾಯಿತು ನೋಡಿ, ನಟರಾಜನ ಹತ್ತಿರ ಅರ್ಜಿ ಹಾಕುವ ಪದ್ಧತಿ. ನಾಲ್ಕೂವರೆಗೆ ತೂಕದ ಕಟ್ಟೆಯ ಹತ್ತಿರ ಒಬ್ಬೊಬ್ಬರೇ ಬರುತ್ತಿದ್ದರು. ಚಲುವಯ್ಯನಿಗೆ ಅತ್ತೆ ಮನೆಗೆ ಹೋಗಬೇಕು, ಇನ್ನೊಬ್ಬನಿಗೆ ಚಿಕ್ಕಯ್ಯನಛತ್ರದಲ್ಲಿ ಬೀಗರೂಟ, ಮತ್ತೊಬ್ಬನಿಗೆ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಬೇಕು. ಎಲ್ಲರದೂ ಒಂದೇ ಕೋರಿಕೆ, ಇವತ್ತು ಸ್ವಲ್ಪ ಚೆನ್ನಾಗಿ ಸೋತುಕೊಡು. ಹಮಾಲಿ ಮಾದು ಅಂತೂ ಎಷ್ಟು ಪಾಯಿಂಟಿಗೆ ಎಷ್ಟು ದಿನದ ರಜ ಎಂದು ಲೆಕ್ಕವನ್ನೇ ಇಟ್ಟುಕೊಂಡಿದ್ದ.

ಒಮ್ಮೆ, ಎರಡು ಸಾವಿರದ ಒಂದನೇ ಇಸವಿಯಲ್ಲಿ, ನಟರಾಜ್ ಗೆದ್ದುಬಿಟ್ಟ. ಬೇಕೆಂದು ಗೆದ್ದದ್ದಲ್ಲ. ಹದಿಮೂರು ಹದಿಮೂರರಲ್ಲಿ ಗೋಡೆಯಿಂದ ಒಂದು ಚೆಂಡು ಎಂಥ ಚೆಂದವಾಗಿ ಎದ್ದು ಬಂತೆಂದರೆ, ಕೈ ಅವನನ್ನು ಕೇಳದೆ ಹೊಡೆದುಬಿಟ್ಟಿತು. ಅದರ ಹಿಂದೆಯೇ ಇನ್ನೊಂದು. ಸಾಹುಕಾರರು ಬ್ಯಾಟನ್ನು ಮೂಲೆಗಿಟ್ಟು ಹೊರಟುಹೋದರು. ಆ ವಾರ ಯಾರಿಗೂ ರಜ ಸಿಗಲಿಲ್ಲ. ಮಾದು ತನ್ನ ಚೊಚ್ಚಲ ಮಗಳ ನಾಮಕರಣಕ್ಕೆ ಕಳಲೆಗೆ ಹೋಗಲಾಗದೆ ಅಕ್ಕಿಮೂಟೆ ಹೊರುತ್ತ ನಿಂತ. ಮೂರು ತಿಂಗಳು ಅವನು ನಟರಾಜನ ಜೊತೆ ಮಾತು ಬಿಟ್ಟ. ತಾನು ಬರೀ ಸಾಹುಕಾರರ ಕೈಯಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದುಕೊಂಡಿದ್ದ ನಟರಾಜನಿಗೆ, ಬಾಗಿಲಿಗೆ ಹೊರಗಡೆಯಿಂದಲೂ ಅಗುಳಿ ಹಾಕಿದೆ ಎಂದು ಆಗ ಗೊತ್ತಾಯಿತು. ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದಾಗ ಅವನು ಬಿಡುವ ಮಾತೆತ್ತಿದ್ದುಂಟು. ಸಾಹುಕಾರರು, ನೀನು ಹೋದರೆ ನನ್ನ ಜೊತೆ ಸರಿಸಮ ಆಡುವವರು ಯಾರಿದ್ದಾರೋ ಎಂದು ನಿಜವಾದ ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟರು. ಮಿಲ್ಲಿನವರೆಲ್ಲ ಕೋಣೆಯ ಮುಂದೆ ಬಂದು ಕೂತರು. ಅಷ್ಟು ಜನರ ಪ್ರೀತಿಯನ್ನು ಒದ್ದು ಹೋಗುವ ಕಾಲು ಅವನದಾಗಿರಲಿಲ್ಲ.

ಇದೆಲ್ಲವನ್ನೂ ಅವನು ಸಹಿಸಿಕೊಂಡಿದ್ದ. ಸಹಿಸಲಾಗದೇ ಹೋದದ್ದು ಮಗಳು ಬೆಳೆದ ಮೇಲೆ.

ರಂಜಿನಿ ಎಂಟು ವರ್ಷಕ್ಕೇ ಗೋಡೌನಿನ ಗೋಣಿ ರಾಶಿಯ ಮೇಲೆ ಹತ್ತಿ ಕೂತು ಪಾಯಿಂಟು ಕೂಗಲು ಶುರುಮಾಡಿದಳು. ಕಣ್ಣು ಬಹಳ ಚುರುಕು. ಚೆಂಡು ಗೆರೆಯಿಂದ ಒಂದು ಬೆರಳು ಆಚೆ ಬಿದ್ದರೂ ಔಟ್ ಎನ್ನುತ್ತಿದ್ದಳು, ಸಾಹುಕಾರರದ್ದಾದರೂ ಬಿಡುತ್ತಿರಲಿಲ್ಲ. ಮೊದಲ ಸಲ ಹಾಗೆಂದಾಗ ಶಿವರಾಜು ನಾಲಗೆ ಕಚ್ಚಿಕೊಂಡ. ಆದರೆ ಸಾಹುಕಾರರು ಖುಷಿಪಟ್ಟರು. ಈ ಮಗು ಇರುವುದರಿಂದಲೇ ನನ್ನ ಗೆಲುವು ಅಪ್ಪಟ ಗೆಲುವು, ಇದಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಹಾಗೆ ಮೂರು ವರ್ಷ ಅವಳು ದಿನಾ ಸಂಜೆ, ತನ್ನ ಅಪ್ಪ ಸೋತದ್ದನ್ನು ತನ್ನ ಬಾಯಲ್ಲೇ ಗಟ್ಟಿಯಾಗಿ ಕೂಗಿ ಹೇಳಿದಳು.

ಆರನೇ ಕ್ಲಾಸಿನಲ್ಲಿ ಶಾಲೆಯ ಬಾಲ್ ಬ್ಯಾಡ್ಮಿಂಟನ್ ಟೀಮಿಗೆ ಅವಳನ್ನು ಆರಿಸಿದರು. ನಟರಾಜ್ ಕುಣಿದಾಡಿದ. ನಾನು ಹೇಳಿಕೊಡುತ್ತೇನೆ, ಬಾ ಎಂದು ಬ್ಯಾಟು ಎತ್ತಿಕೊಂಡ. ರಂಜಿನಿ ಅಪ್ಪನಿಗೆ ನೋವಾಗಬಾರದೆಂದು ನೆಲ ನೋಡುತ್ತ ಹೇಳಿದಳು.

"ಬ್ಯಾಡ ಕಣಪ್ಪ. ಪಿ.ಟಿ. ಮೇಷ್ಟ್ರತ್ರ ಕಲ್ತ್ಕೋತೀನಿ. ನಿಂಗೆ ಸೋಲೋದ್ ಅಭ್ಯಾಸ ಆಗೋಗದೆ."

ಆ ಸಂಜೆ ನಟರಾಜನಿಗೆ ಊಟ ಸೇರಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ, ಈ ಒಂದು ಜೀವಕ್ಕೆ ಮಾತ್ರ ತನ್ನ ಅಪ್ಪನಿಗೆ ಆಟ ಬರುತ್ತದೆ ಎಂದು ಗೊತ್ತಿರಬೇಕು ಎಂದು ಅವನಿಗೆ ಎಷ್ಟು ಅನ್ನಿಸಿತೆಂದರೆ, ಆಗಲೇ ಕರೆದು ಎಲ್ಲವನ್ನೂ ಹೇಳಿಬಿಡಲು ಎದ್ದ. ಮಂಗಳಮ್ಮ ಕೈಹಿಡಿದು ಕೂರಿಸಿದಳು. "ಅದು ಮಗೀನ್ ಬಾಯಿ. ಯಾರ್ಗಾರ ಏಳ್ಬುಟ್ರೆ ನಾಳೀಕೆ ಈ ಕೋಣೆ ಇದ್ದಾದಾ? ಸುಮ್ಕಿರು." ಅವಳ ಮಾತು ಸುಳ್ಳಾಗಿರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಒಂದು ದಿನ ಆಡಿ ತೋರಿಸಬೇಕು, ಒಂದೇ ಒಂದು ದಿನ ಸಾಕು ಎಂದು ಮನಸ್ಸಿನಲ್ಲಿಟ್ಟುಕೊಂಡ.

ಆ ದಿನ ಎರಡು ಸಾವಿರದ ಏಳರಲ್ಲಿ ಬಂತು. ಗಂಗಾಧರಸ್ವಾಮಿಯವರ ಮಗಳು ನಂದಿತಾಳನ್ನು ತಿ. ನರಸೀಪುರಕ್ಕೆ ಕೊಟ್ಟಿತ್ತು. ಬೀಗರೂ ಮಿಲ್ಲಿನವರೇ. ಇವರ ಬಾಯಲ್ಲಿ ಗೋಡೆ ಆಟದ ವರ್ಣನೆ ಕೇಳಿ ಕೇಳಿ ಅವರೂ ತಮ್ಮ ಗೋಡೌನಿನಲ್ಲಿ ಅಂಥದ್ದೇ ಕೋರ್ಟು ಮಾಡಿಸಿ, ಜೋಡಿ ಆಟಕ್ಕೆ ಬನ್ನಿ ಎಂದು ಕರೆದರು. ಅವರ ಕಡೆ ಬೀಗರು ಮತ್ತು ಅವರ ಕಿರಿಯ ಮಗ ಮದನ್. ಇವರ ಕಡೆ ಸಾಹುಕಾರರು ಮತ್ತು ನಟರಾಜ್.

ಸುದ್ದಿ ಕೇಳಿದಾಗ ನಟರಾಜನಿಗೆ ನಂಬಲಾಗಲಿಲ್ಲ. ಸಾಹುಕಾರರು ಗೋಣಿಪರದೆಯ ಆಚೆಗಲ್ಲ, ತನ್ನ ಪಕ್ಕದಲ್ಲಿ ನಿಲ್ಲುತ್ತಾರೆ. ಅವರು ಗೆಲ್ಲಬೇಕೆಂದರೆ ತಾನೂ ಗೆಲ್ಲಬೇಕು. ಹದಿಮೂರು ವರ್ಷದಲ್ಲಿ ಮೊದಲ ಸಲ ಯಾರಿಗೂ ತೊಂದರೆಯಾಗದಂತೆ ಗೆಲ್ಲಬಹುದು! ಪಾಯಿಂಟು ಕೂಗಲು ರಂಜಿನಿಯೂ ಬರಲಿ ಎಂದು ಸಾಹುಕಾರರೇ ಅಂದರು. ಆಟವಿದ್ದ ಶನಿವಾರದವರೆಗೆ ಅವನು ನೆಲದ ಮೇಲೆ ನಡೆಯಲಿಲ್ಲ.

ತಿ. ನರಸೀಪುರದ ಗೋಡೌನಿನಲ್ಲಿ ಬೀಗರ ಕಡೆಯ ನೆಂಟರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಟ ಶುರುವಾಯಿತು. ಮದನ್ ಹೊಡೆದ ಚೆಂಡು ಹಿಂದಿನ ಗೋಡೆಗೆ ಬಡಿದು ನಟರಾಜನ ಕಡೆಗೆ ಬಂತು. ಎಲ್ಲಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು, ಹೋದ, ಆದರೆ ಅರ್ಧ ಅಡಿ ತಡವಾಗಿ ಹೋದ. ಹೊಸ ಜಾಗ, ಅದಕ್ಕೇ ಇರಬೇಕು ಎಂದುಕೊಂಡ. ಎರಡನೆಯದಕ್ಕೂ ಕಾಲು ತಡಮಾಡಿತು. ಬೀಗರ ಕಡೆಗೆ ಏಳು ಮೂರು. ಸಾಹುಕಾರರು ತಿರುಗಿ ನೋಡಿದರು. ಹನ್ನೊಂದು ಐದಕ್ಕೆ ಅವನು ಕಾದಿದ್ದ ಚೆಂಡು ಬಂತು, ಬೇಕಾದಷ್ಟು ಎತ್ತರಕ್ಕೆ, ಬೇಕಾದಷ್ಟು ನಿಧಾನವಾಗಿ. ಅವನು ಅಲ್ಲೂ ಗೋಣಿ ರಾಶಿಯ ಮೇಲೇರಿ ಕೂತಿದ್ದ ಮಗಳನ್ನು ಒಮ್ಮೆ ನೋಡಿ ಭುಜ ತಿರುಗಿಸಿದ, ಬ್ಯಾಟನ್ನು ಕಿವಿಯ ಹಿಂದಕ್ಕೆ ಒಯ್ದ. ಮದನ್ ಹಿಂದಕ್ಕೆ ಓಡಿದ. ಎಲ್ಲ ಹೆಮ್ಮರಗಾಲದ ಶಾಲೆಯ ಹಿಂದೆ ಇದ್ದಂತೆಯೇ ಇತ್ತು. ಮಣಿಕಟ್ಟು ಸಡಿಲ ಬಿಟ್ಟ. ಚೆಂಡು ಪರದೆಯ ಹಿಂದೆ ಸಾಯಲಿಲ್ಲ. ಮೆಲ್ಲಗೆ ಎದ್ದು ನೇರವಾಗಿ ಮದನನ ಬಲಗೈಗೆ, ಎದೆಮಟ್ಟಕ್ಕೆ ಹೋಯಿತು.

ಕೈ ಕಲಿತದ್ದನ್ನೇ ಮಾಡಿತು. ಹದಿಮೂರು ವರ್ಷ ದಿನಾ ಕಲಿಸಿದ್ದು ಅದನ್ನೇ ತಾನೆ. ಆಮೇಲೆ ಅವನು ಹಲ್ಲು ಕಚ್ಚಿ ಆಡಿದ, ಬಿದ್ದು ಎದ್ದು ಆಡಿದ, ಮೊಣಕೈ ತರಚಿ ರಕ್ತ ಬಂತು. ಒಂದೊಂದು ಚೆಂಡನ್ನೂ ಗೋಣಿಯಂಚಿಗೆ ಕಳಿಸಲು ಹೋಗಿ ಎದುರಿನವರ ಕೈಗೇ ಇಟ್ಟ. ತನ್ನ ಕೈಯನ್ನೇ ತಾನು ಮೋಸಗೊಳಿಸಲು ನೋಡಿದ, ಅದೂ ಆಗಲಿಲ್ಲ. ಗೇಮ್ ಹದಿನೈದು ಎಂಟು, ಎರಡನೆಯದು ಹದಿನೈದು ಆರು. ಎರಡನ್ನೂ ಕೂಗಿದ್ದು ರಂಜಿನಿಯೇ. ಬೀಗರು ಎಲ್ಲರಿಗೂ ಜ್ಯೂಸ್ ಕೊಡಿಸಿದರು. ಸಾಹುಕಾರರು ಮುಗುಳ್ನಕ್ಕು ಕುಡಿದರು. ಕಾರು ಹತ್ತುವಾಗ ಮಾತ್ರ ನಟರಾಜನ ಹತ್ತಿರ ಬಂದು, "ನಾನೊಬ್ಬನೇ ಎಷ್ಟಂತ ಆಡ್ಲೋ ನಟರಾಜ" ಎಂದು ಬೇಸರದಿಂದ ಹೇಳಿ ಹೋದರು.

ತಾವು ಬಂದಿದ್ದ ಮಿಲ್ಲಿನ ಟೆಂಪೊದ ಹಿಂಭಾಗದಲ್ಲಿ, ಖಾಲಿ ಚೀಲಗಳ ಮೇಲೆ ಅಪ್ಪ ಮಗಳು ಇಬ್ಬರೇ ಕೂತರು. ಹೊತ್ತು ಮುಳುಗುತ್ತಿತ್ತು. ರಂಜಿನಿ ಅವನ ಮೊಣಕೈಯನ್ನು ತನ್ನ ಕರ್ಚೀಫಿನಿಂದ ಒರೆಸಿದಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು, ಬಹಳ ದಿನದಿಂದ ಕೇಳಬೇಕೆಂದಿದ್ದವಳಂತೆ.

"ಅಪ್ಪ, ಗೋಡೆಯಿಂದ ಚೆಂಡು ಬರೋ ಮುಂಚೇನೇ ನೀನು ಅಲ್ಲಿಗೆ ನೋಡ್ತೀಯ. ನಾನು ದಿನಾ ನೋಡೀವ್ನಿ. ನೋಡಿದ್ ಮ್ಯಾಲೂ ನಿಧಾನಕ್ಕೆ ಓಯ್ತೀಯ. ನೀನು ಬೇಕಂತ್ಲೇ ಸೋಲೋದು, ಅಲ್ವಾ?"

ಹದಿಮೂರು ವರ್ಷ ಸಾಹುಕಾರರ ಕಣ್ಣಿಗೆ ಬೀಳದ್ದು ಇವಳ ಕಣ್ಣಿಗೆ ಬಿದ್ದಿತ್ತು. ಹೌದು ಎಂದುಬಿಟ್ಟರೆ ಸಾಕು, ಅವಳ ಪಾಲಿಗೆ ಅವನು ಗೆದ್ದಂತೆಯೇ. ಅವಳ ಮುಖದಲ್ಲಿ ಆ ಹೌದು ಕೇಳಲು ಎಂಥ ಆಸೆಯಿತ್ತೆಂದರೆ, ಆ ಮುಖಕ್ಕೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಊಂ ಮಗ. ದಿನಾ ಬೇಕಂತ್ಲೇ ಸೋತಿವ್ನಿ," ಎಂದ. "ಇವತ್ತೊಂದಿನ ಮಾತ್ರ ಬೇಕಂತ ಸೋಲ್ನಿಲ್ಲ."

ಅವನು ಎಲ್ಲವನ್ನೂ ಹೇಳಿದ, ಶಾಲೆಯ ಹಿಂದಿನ ಗೋಡೆ, ತೌಡಿನ ಶೆಡ್ಡು, ಅವರಿರುವ ಕೋಣೆ, ಮಾದುವಿನ ಮಗಳ ನಾಮಕರಣ. ಇನ್ನು ಗೆಲ್ಲಬೇಕೆಂದರೂ ಆಗುವುದಿಲ್ಲವೇನೋ ಎಂಬುದನ್ನೂ ಹೇಳಿದ. ನಂಜನಗೂಡು ಬರುವವರೆಗೆ ಅವಳು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಸೋಮವಾರ ಮಿಲ್ಲಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಬೀಗರ ಮುಂದೆ ಸೋತು ಬಂದ ಸಾಹುಕಾರರು ಬೆಳಗಿನಿಂದ ಮೂವರನ್ನು ಬೈದಿದ್ದರು. ಮಾದು ನಾಲ್ಕೂವರೆಗೆ ತೂಕದ ಕಟ್ಟೆಗೆ ಬಂದು, ಕಳಲೆಯಲ್ಲಿ ತನ್ನ ತಾಯಿ ಮಲಗಿದ ಜಾಗ ಬಿಟ್ಟು ಏಳುತ್ತಿಲ್ಲ, ನಾಳೆ ಹೋಗಲೇಬೇಕು ಎಂದ. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ರಂಜಿನಿ ತಲೆಯೆತ್ತಿ ಮಾದುವನ್ನು ನೋಡಿದಳು, ಮತ್ತೆ ಬಗ್ಗಿ ಬರೆದಳು.

ಸಾಹುಕಾರರ ಮನಸ್ಸು ಅಂದು ಆಟದ ಮೇಲಿರಲಿಲ್ಲ. ಕೈಗೆ ಇಟ್ಟ ಚೆಂಡನ್ನೂ ಹೊರಗೆ ಹೊಡೆಯುತ್ತಿದ್ದರು. ನಟರಾಜ್ ಎಷ್ಟು ಚೆನ್ನಾಗಿ ಸೋಲಲು ನೋಡಿದರೂ ಆಟ ಹದಿನಾಲ್ಕು ಹದಿನಾಲ್ಕಕ್ಕೆ ಬಂದು ನಿಂತಿತು. ಕೊನೆಯ ಚೆಂಡನ್ನು ಅವರು ಕಣ್ಣು ಮುಚ್ಚಿ ಬೀಸಿದರು. ಅದು ಪಕ್ಕದ ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ನಟರಾಜನಿಗೆ ಕಂಡಿತು. ಸಾಹುಕಾರರಿಗೂ ಕಂಡಿರಬೇಕು, ಬ್ಯಾಟು ಕೆಳಗಿಳಿಸಿ ಮುಖ ಗಂಟಿಕ್ಕಿದರು.

"ಇನ್," ಎಂದಳು ರಂಜಿನಿ. "ಗೇಮ್, ಸಾವ್ಕಾರ್ರಿಗೆ."

ಗಂಗಾಧರಸ್ವಾಮಿ ಅನುಮಾನದಿಂದ ಅವಳನ್ನೇ ನೋಡಿದರು. ಅವಳ ಮುಖ ದಿನದಂತೆಯೇ ಇತ್ತು, ಕಣ್ಣು ಅಲುಗಲಿಲ್ಲ. ಸುಳ್ಳು ಹೇಳಲು ಬಾರದ ಮಗುವಲ್ಲವೇ ಅದು? ಅವರ ಹುಬ್ಬು ಸಡಿಲವಾಯಿತು, ನಗು ಬಂತು. ಬಾಗಿಲಲ್ಲಿ ನಿಂತಿದ್ದ ಮಾದುವಿಗೆ, ಏನೋ ನಿಂದು, ರಜ ತಾನೆ, ಹೋಗಿ ಬಾ ಎಂದು ಬೆನ್ನು ತಟ್ಟಿ ಹೊರಟರು.

ನಟರಾಜ್ ಗೋಣಿಪರದೆಯ ಹತ್ತಿರ ನಿಂತೇ ಇದ್ದ. ರಂಜಿನಿ ರಾಶಿಯಿಂದ ಇಳಿದು ಬಂದು, ಅವನ ಕೈಯಿಂದ ಬ್ಯಾಟು ತೆಗೆದುಕೊಂಡು ಗೂಟಕ್ಕೆ ನೇತುಹಾಕಿದಳು. ಅವನು ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದ, ಎಲ್ಲಾದರೂ ಒಂದು ಕಡೆ ಆ ಸುಳ್ಳು ಕಾಣಬಹುದೆಂದು. ಕಾಣಲಿಲ್ಲ. ಅವನು ಗೋಡೆಗೆ ಒರಗಿ, ಹದಿಮೂರು ವರ್ಷದಲ್ಲಿ ಯಾವ ಸೋಲಿಗೂ ಅಳದವನು, ಅತ್ತ.